ಆಪ್ಷನಲ್ ಇಂಗ್ಲಿಷ್ ಓದಿದ್ದೇನೆ, ಇಂಗ್ಲಿಷ್ ಮಾತಾಡಲು ಬಾಯಿ ಬರುವುದಿಲ್ಲ. ಮುಂದೇನು?

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ ಕೊನೆಯ ವರ್ಷ. ಇತಿಹಾಸ, ರಾಜ್ಯಶಾಸ್ತ್ರ, ಆಪ್ಷನಲ್ ಇಂಗ್ಲಿಷ್ (ಅಂದರೆ ಇಂಗ್ಲಿಷ್ ಸಾಹಿತ್ಯ). ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಈವರೆಗೆ 68 ಪರ್ಸೆಂಟ್ ಇದೆ. ಶೇಕ್ಸ್‌ಪಿಯರ್ ಬಗ್ಗೆ ಹತ್ತು ಮಾರ್ಕಿನ ಉತ್ತರ ಬರೆಯುತ್ತೇನೆ, ಆದರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಇಂಗ್ಲಿಷ್‌ನಲ್ಲಿ ಜೋಗಕ್ಕೆ ದಾರಿ ಕೇಳಿದರೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಬಿಎಡ್ ಮಾಡು ಅನ್ನುತ್ತಾರೆ. ನಮ್ಮ ಲೆಕ್ಚರರ್ ಎಂಎ ಮಾಡು ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಬಿಸಿಎ ಓದಿದವನು, ಎಐ ಬಂದ ಮೇಲೆ ಇಂಗ್ಲಿಷ್ ಓದಿದವರಿಗೆ ಕೆಲಸವೇ ಇಲ್ಲ ಅನ್ನುತ್ತಾನೆ. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ ತೋಟ. ತಮ್ಮ ಸೆಕೆಂಡ್ ಪಿಯುಸಿ. ಇನ್ನು ಎರಡು ವರ್ಷ ಓದಿಸುತ್ತೇನೆ, ಆಮೇಲೆ ಮದುವೆ ಅಂತ ಅಪ್ಪ ಹೇಳಿದ್ದಾರೆ. ಸಂಜೆ ಅಕ್ಕಪಕ್ಕದ ಆರು ಮಕ್ಕಳಿಗೆ ಪಾಠ ಹೇಳುತ್ತೇನೆ, ಅದು ಇಷ್ಟ. ಕಾಲೇಜು ಮ್ಯಾಗಜಿನ್‌ಗೆ ಒಂದು ಕಥೆ ಅನುವಾದ ಮಾಡಿದ್ದೆ, ಅದೂ ಇಷ್ಟ. ಯಾವುದನ್ನು ಹಿಡಿಯಲಿ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಬಿಎಡ್, ಎಂಎ, ಎಐ, ಮದುವೆ ಅಂತ ನಾಲ್ಕು ಮಾತು ಬರೆದಿದ್ದೀರಿ. ನಾಲ್ಕರ ಅಡಿಯಲ್ಲೂ ಇರುವುದು ಒಂದೇ ಹೆದರಿಕೆ. ಈ ಮೂರು ವರ್ಷ ದಂಡವಾಯಿತಾ?

ಇಲ್ಲ. ಆದರೆ "ಇಂಗ್ಲಿಷ್ ಓದಿದವರಿಗೆ ಕೆಲಸ ತಾನಾಗಿ ಬರುತ್ತದೆ" ಅಂತ ಯಾರಾದರೂ ನಿಮಗೆ ಸೇರುವಾಗ ಹೇಳಿದ್ದರೆ ಅದೂ ಸುಳ್ಳೇ.

ನಾನು ಇಪ್ಪತ್ತೆರಡು ವರ್ಷದಿಂದ ಮಲೆನಾಡಿನ ಡಿಗ್ರಿ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಮೊದಲ ನಾಲ್ಕು ವರ್ಷ ಗೆಸ್ಟ್ ಲೆಕ್ಚರರ್. ಒಂದು ಕಾಲೇಜಿನಲ್ಲಿ ಏಳು ತಿಂಗಳ ಸಂಬಳ ಒಟ್ಟಿಗೆ ಬಂತು, ಅಲ್ಲಿಯವರೆಗೆ ಅಣ್ಣನ ಹತ್ತಿರ ಬಸ್ ಚಾರ್ಜಿಗೆ ಕೈ ಚಾಚುತ್ತಿದ್ದೆ. ಹಾಗಾಗಿ ಎಂಎ ಮಾಡಿ ಲೆಕ್ಚರರ್ ಆಗಿ ಅಂತ ಯಾರಿಗೂ ಸುಲಭಕ್ಕೆ ಹೇಳುವುದಿಲ್ಲ. ಬೇಡ ಅಂತಲೂ ಹೇಳುವುದಿಲ್ಲ, ಯಾಕೆಂದರೆ ನನಗೆ ಈ ಕೆಲಸ ಬಹಳ ಇಷ್ಟ.

ಮೊದಲು ನಿಮ್ಮ ಹೆದರಿಕೆ ಎಲ್ಲಿಂದ ಬಂತು ನೋಡೋಣ. ಬಿಕಾಂ ಓದಿದವರ ಡಿಗ್ರಿಯಲ್ಲೇ ಅಕೌಂಟ್ಸ್ ಅಂತ ಕೆಲಸದ ಹೆಸರಿದೆ. ಬಿಸಿಎಗೂ ಇದೆ. ನಿಮ್ಮ ಡಿಗ್ರಿಯಲ್ಲಿ ಭಾಷೆಯ ಹೆಸರು ಇದೆ, ಕೆಲಸದ ಹೆಸರು ಇಲ್ಲ. ಅದರಿಂದ ನೆಂಟರಿಗೂ ಅರ್ಥವಾಗುವುದಿಲ್ಲ, ಕ್ಯಾಂಪಸ್‌ಗೆ ಬರುವ ಕಂಪನಿಯವರಿಗೂ ಅರ್ಥವಾಗುವುದಿಲ್ಲ, ಕೊನೆಗೆ ನಿಮಗೂ ಅನುಮಾನ ಶುರುವಾಗುತ್ತದೆ. ಅವರಿಗೆ ಅರ್ಥ ಮಾಡಿಸುವ ಕೆಲಸ ನಿಮ್ಮ ಮೇಲೆಯೇ ಬೀಳುತ್ತದೆ. ಮಾರ್ಕ್ಸ್ ಕಾರ್ಡ್ ಅದನ್ನು ಮಾಡುವುದಿಲ್ಲ, ನೀವೇ ಮಾಡಿ ತೋರಿಸಿದ ಒಂದೆರಡು ಕೆಲಸ ಮಾಡುತ್ತದೆ.

ಇನ್ನು ಮಾತಾಡುವ ವಿಷಯ. ಇಲ್ಲಿ ತಪ್ಪು ನಿಮಗಿಂತ ನಮ್ಮಂಥವರದ್ದೇ ಜಾಸ್ತಿ. ನಾವು ಕ್ಲಾಸಿಗೆ ಬಂದು ಪದ್ಯ ಇಂಗ್ಲಿಷ್‌ನಲ್ಲಿ ಓದುತ್ತೇವೆ, ಅರ್ಥ ಕನ್ನಡದಲ್ಲಿ ಹೇಳುತ್ತೇವೆ, ನೋಟ್ಸ್ ಬರೆಸುತ್ತೇವೆ. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ. ಪರೀಕ್ಷೆ ಬಂದರೆ ಗೈಡು. ಮೂರು ವರ್ಷದಲ್ಲಿ ನೀವು ಸ್ವಂತವಾಗಿ ಒಂದು ವಾಕ್ಯ ಇಂಗ್ಲಿಷ್‌ನಲ್ಲಿ ಮಾತಾಡಬೇಕಾದ ಸಂದರ್ಭ ಎಷ್ಟು ಸಲ ಬಂದಿತ್ತು ಹೇಳಿ? ಈಜು ಬರುವುದಿಲ್ಲ ಅಂತ ಅಳುವವರು ನೀರಿಗೆ ಇಳಿದಿದ್ದಾರಾ ಅಂತ ಮೊದಲು ಕೇಳಬೇಕು ತಾನೇ.

ಓದಿ ಅರ್ಥ ಮಾಡಿಕೊಳ್ಳುವುದು, ಬರೆಯುವುದು, ಮಾತಾಡುವುದು ಮೂರೂ ಬೇರೆ ಬೇರೆ ಅಭ್ಯಾಸ. ನಿಮಗೆ ಮೊದಲನೆಯದು ಚೆನ್ನಾಗಿದೆ, ಎರಡನೆಯದು ಸುಮಾರಾಗಿದೆ, ಮೂರನೆಯದು ಶುರುವೇ ಆಗಿಲ್ಲ. ಅದಕ್ಕೆ ಮೂವತ್ತು ದಿನದ ಸ್ಪೋಕನ್ ಇಂಗ್ಲಿಷ್ ಕೋರ್ಸಿಗೆ ಸಾವಿರಾರು ರೂಪಾಯಿ ಕೊಡಬೇಡಿ. ಅಲ್ಲಿ ಹೋಟೆಲಿನಲ್ಲಿ ಕಾಫಿ ಆರ್ಡರ್ ಮಾಡುವುದು ಹೇಗೆ ಅಂತ ಕಲಿಸುತ್ತಾರೆ. ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಬಗ್ಗೆ ಮಾತಾಡಿ ಅಭ್ಯಾಸ ಮಾಡಿ. ವಿಷಯ ಗೊತ್ತಿದ್ದರೆ ಪದ ಹುಡುಕುವುದೊಂದೇ ಕಷ್ಟ ಉಳಿಯುತ್ತದೆ.

ನಾನು ನನ್ನ ವಿದ್ಯಾರ್ಥಿಗಳಿಗೆ ಕೊಡುವ ಒಂದು ಕೆಲಸ ಇದೆ. ಅಡಿಕೆ ಮನೆಯವರಾದ್ದರಿಂದ ನಿಮಗೆ ಸರಿಯಾಗಿ ಹೊಂದುತ್ತದೆ. ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ಇಂಗ್ಲಿಷ್‌ನಲ್ಲಿ ಒಂದು ಪುಟ ಬರೆಯಿರಿ. ಅಡಿಕೆ ಮರವನ್ನೇ ನೋಡದವನು ಓದಿ ಮಾಡುವ ಹಾಗೆ ಇರಬೇಕು.

ಸುಲಭ ಅನ್ನಿಸುತ್ತದೆ. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಆಯಿತಲ್ಲ ಅಂದುಕೊಳ್ಳುತ್ತೀರಿ. ಬರೆಯಲು ಕೂತರೆ ಗೊತ್ತಾಗುತ್ತದೆ. ನೀರನ್ನು ಎರಡು ಪಾಲು ಮಾಡಬೇಕು ಅಂತ ಹೇಳಿದಿರಾ? ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ತಿರುಗಾಮುರುಗಾ ಮಾಡಬಾರದು ಅಂತ ಹೇಳಿದಿರಾ? ಕಬ್ಬಿಣದ ಪಾತ್ರೆ ಬೇಡ ಅಂತ? ಕೊನೆಗೆ ತಿಕ್ಕಿ ಹೊಳಪು ಮಾಡಿದ ಚಾಕು ಅದ್ದಿ ನೋಡುವುದು, ಅದಕ್ಕೆ ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಹಾಕಬೇಕು ಅನ್ನುವುದು? ಇದೆಲ್ಲ ನಿಮ್ಮ ಅಪ್ಪನಿಗೆ ಕೈಯಲ್ಲಿ ಗೊತ್ತು, ಬಾಯಲ್ಲಿ ಹೇಳುವುದಿಲ್ಲ. ಅದನ್ನು ಅವರಿಂದ ಕೇಳಿ ತೆಗೆದು, ಸರಿಯಾದ ಸಾಲಿನಲ್ಲಿ ಜೋಡಿಸಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೆಯಬೇಕು. ಆಮೇಲೆ ಆ ಹಾಳೆ ನೋಡದೆ ಎರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೊದಲ ಸಲ ಕೇಳಿದರೆ ನಾಚಿಕೆಯಾಗುತ್ತದೆ, ಅಳಿಸಬೇಡಿ. ಇಪ್ಪತ್ತನೇ ಸಲದ ರೆಕಾರ್ಡಿನ ಪಕ್ಕ ಇಟ್ಟು ಕೇಳಿ.

ಬೆಂಗಳೂರಿನ ಕಂಪನಿಗಳಲ್ಲಿ ಟೆಕ್ನಿಕಲ್ ರೈಟರ್ ಅನ್ನುವವರು ದಿನವೂ ಮಾಡುವುದು ಇದೇ ಕೆಲಸ. ಅವರಿಗೆ ಬೋರ್ಡೋ ಬದಲು ಸಾಫ್ಟ್‌ವೇರ್ ಇರುತ್ತದೆ, ಅಪ್ಪನ ಬದಲು ಎಂಜಿನಿಯರ್ ಇರುತ್ತಾರೆ. ಎಂಜಿನಿಯರಿಗೂ ಎಲ್ಲ ಗೊತ್ತಿರುತ್ತದೆ, ಹೇಳಲು ಬರುವುದಿಲ್ಲ.

ಇಲ್ಲೊಂದು ಸ್ವಾರಸ್ಯ ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಇಂಗ್ಲಿಷ್ ವಿಜ್ಞಾನ ಪುಸ್ತಕಗಳಲ್ಲೂ ಕೊಳೆರೋಗ ಅಂತಲೇ ಬರೆಯುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಇದನ್ನು ಅಧ್ಯಯನ ಮಾಡಿದಾಗ ರೈತರು ಆಡುತ್ತಿದ್ದ ಪದವನ್ನೇ ತಮ್ಮ ಇಂಗ್ಲಿಷ್ ಬರಹದಲ್ಲೂ ಬಳಸಿದರು. ಅವರಿಗೆ ಒಂದು ಕಡೆ ತೋಟದ ಮಾತು ಬೇಕಿತ್ತು, ಇನ್ನೊಂದು ಕಡೆ ಪುಸ್ತಕದ ಭಾಷೆ. ನಿಮಗೆ ತೋಟದ ಮಾತು ಹುಟ್ಟಿನಿಂದ ಬಂದಿದೆ. ಕನ್ನಡ ಮೀಡಿಯಂ ಅಂತ ಪತ್ರದಲ್ಲಿ ಮುಚ್ಚಿಡುವ ಹಾಗೆ ಬರೆದಿದ್ದೀರಿ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ.

ಸರಿ, ಈಗ ದಾರಿಗಳು. ಎಂಎಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಯೋಚಿಸದೆ ಸೇರುವುದು ಅದಕ್ಕೆ. ಇನ್ನೂ ಎರಡು ವರ್ಷ ತೀರ್ಮಾನ ಮುಂದಕ್ಕೆ ಹಾಕಬಹುದು ಅನ್ನುವುದೊಂದೇ ಕಾರಣ. ನಿಮ್ಮ ಲೆಕ್ಚರರ್ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾರೆ, ಆದರೆ ಎಂಎ ಒಂದರಿಂದ ಕಾಲೇಜಿನ ಕಾಯಂ ಕೆಲಸ ಸಿಗುವುದಿಲ್ಲ. ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಪಿಎಚ್‌ಡಿ ಇರಬೇಕು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಯುಜಿಸಿಯ ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ 55 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ 50. ಎರಡೂ ಪತ್ರಿಕೆ ಬರೆದವರಲ್ಲಿ ನೂರಕ್ಕೆ ಆರು ಜನರನ್ನು ಮಾತ್ರ ಪಾಸು ಮಾಡುತ್ತಾರೆ. ಕೆಸೆಟ್ ನಮ್ಮ ರಾಜ್ಯದ್ದು, ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತದೆ.

ಪಾಸಾದರೂ ಹುದ್ದೆ ಕರೆಯಬೇಕಲ್ಲ. ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರನ್ನು ಕರೆದರು, ಅದು ಎಲ್ಲ ವಿಷಯಗಳೂ ಸೇರಿ. ಅಂಥ ಕರೆ ವರ್ಷಾವರ್ಷ ಬರುವುದಿಲ್ಲ. ನಡುವಿನ ವರ್ಷಗಳಲ್ಲಿ ಗೆಸ್ಟ್ ಲೆಕ್ಚರರ್ ಆಗಿ ವರ್ಕ್‌ಲೋಡ್ ಇದ್ದರೆ ಇರುತ್ತೀರಿ, ಕಾಯಂ ಆದವರು ವರ್ಗವಾಗಿ ಬಂದರೆ ಮನೆಗೆ ಹೋಗುತ್ತೀರಿ. ಆದರೂ ಸಾಹಿತ್ಯ ಓದದೆ ಇರಲಾರೆ, ರಾತ್ರಿ ಎರಡು ಗಂಟೆಗೂ ಕಾದಂಬರಿ ಕೆಳಗಿಡುವುದಿಲ್ಲ ಅನ್ನುವವರಾದರೆ ಎಂಎ ಮಾಡಿ, ಚೆನ್ನಾಗಿರುವ ಕಡೆ ಮಾಡಿ. ಕಲಬುರಗಿ ಹತ್ತಿರದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಹೋಗಬಹುದು. ಹೈದರಾಬಾದಿನ ಇಫ್ಲು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳಿಗಂತಲೇ ಇರುವ ಕೇಂದ್ರೀಯ ವಿಶ್ವವಿದ್ಯಾಲಯ. ಪುಸ್ತಕ, ಸಹಪಾಠಿಗಳು, ವಾತಾವರಣ ಎಲ್ಲ ಬೇರೆಯೇ ಇರುತ್ತದೆ, ಮಾತಾಡುವ ಹೆದರಿಕೆಯೂ ಅಲ್ಲಿ ಆರು ತಿಂಗಳಲ್ಲಿ ಬಿಡುತ್ತದೆ. ಮನೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಎಲ್ಲೋ ಒಂದು ಕಡೆ ಸೇರಿ ಮತ್ತೆ ಗೈಡು ಓದಿ ಪಾಸಾಗುವುದಾದರೆ ಆ ಎರಡು ವರ್ಷ ನಿಜಕ್ಕೂ ದಂಡ.

ಬಿಎಡ್. ಇದರ ಬಗ್ಗೆ ಎರಡು ಕಡೆಯೂ ಉತ್ಪ್ರೇಕ್ಷೆ ಇದೆ. ಮನೆಯವರಿಗೆ ಬಿಎಡ್ ಅಂದರೆ ಟೀಚರ್ ಕೆಲಸ ಗ್ಯಾರಂಟಿ. ಬೆಂಗಳೂರಿನ ಸೋದರರಿಗೆ ಬಿಎಡ್ ಅಂದರೆ ಬೇರೇನೂ ಬರದವರು ಮಾಡುವುದು. ಎರಡೂ ಸರಿಯಲ್ಲ. ಎರಡು ವರ್ಷದ ಕೋರ್ಸು, ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ 50 ಪರ್ಸೆಂಟ್ ಬೇಕು, ನಿಮಗಿದೆ. ಇಂಗ್ಲಿಷ್ ಮೆಥಡ್ (ಇಂಗ್ಲಿಷ್ ಕಲಿಸುವ ವಿಧಾನ) ತೆಗೆದುಕೊಂಡವರಿಗೆ ಖಾಸಗಿ ಶಾಲೆಗಳಲ್ಲಿ ಕೆಲಸ ಸಿಗುತ್ತದೆ, ಅದರಲ್ಲಿ ಅನುಮಾನ ಬೇಡ. ಸಂಬಳದಲ್ಲಿ ಅನುಮಾನ ಇರಲಿ. ತಾಲ್ಲೂಕು ಮಟ್ಟದ ಶಾಲೆಗಳಲ್ಲಿ ನನ್ನ ವಿದ್ಯಾರ್ಥಿಗಳಿಗೆ ಮೊದಮೊದಲು ಸಿಕ್ಕಿದ್ದು ಹತ್ತು ಹದಿನೈದು ಸಾವಿರದ ಆಸುಪಾಸು, ಬೇಸಿಗೆ ರಜೆಯ ಸಂಬಳ ಕೊಡದ ಶಾಲೆಗಳೂ ಇವೆ. ಸೇರುವ ಮೊದಲು ಅದನ್ನು ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಶಾಲೆಯಾದರೆ ನಿಮಗೆ ಉತ್ತರ ಸಿಕ್ಕಿತು ಅಂತ ತಿಳಿಯಿರಿ.

ಸರ್ಕಾರಿ ಕೆಲಸಕ್ಕೆ 6ರಿಂದ 8ನೇ ತರಗತಿಗಾದರೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಎರಡನೇ ಪತ್ರಿಕೆ ಪಾಸಾಗಿರಬೇಕು. ಒಮ್ಮೆ ಪಾಸಾದರೆ ಈಗ ಜೀವನಪೂರ್ತಿ ನಡೆಯುತ್ತದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆ ಕರೆದಾಗ ಏನಾಯಿತು ಅಂತ ನೀವು ತಿಳಿದಿರಬೇಕು, ಯಾಕೆಂದರೆ ಅದು ಹೆಣ್ಣುಮಕ್ಕಳಿಗೇ ತಾಗುವ ವಿಷಯ. ಮದುವೆಯಾದ ಅಭ್ಯರ್ಥಿಗಳು ಜಾತಿ, ಆದಾಯದ ಸರ್ಟಿಫಿಕೇಟನ್ನು ತಂದೆಯ ಹೆಸರಲ್ಲಿ ಕೊಡಬೇಕಾ ಗಂಡನ ಹೆಸರಲ್ಲಿ ಕೊಡಬೇಕಾ ಅನ್ನುವ ತಕರಾರು ಹೈಕೋರ್ಟಿಗೆ ಹೋಗಿ ಇಡೀ ನೇಮಕಾತಿ ತಡವಾಯಿತು. ಪಾಠ ಓದುವಷ್ಟೇ ಗಮನ ಕೊಟ್ಟು ಅಧಿಸೂಚನೆ ಓದಿ. ಅಲ್ಲಿ ಒಂದು ಸಾಲು ತಪ್ಪಿದರೆ ರ‍್ಯಾಂಕ್ ಬಂದರೂ ಉಪಯೋಗವಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ ಎಂಎ ಜೊತೆಗೆ ಬಿಎಡ್ ಕೂಡ ಕೇಳುತ್ತಾರೆ. ಅಂದರೆ ಬಿಎಡ್ ಮೊದಲು ಮಾಡಿ, ಕೆಲಸ ಮಾಡುತ್ತಾ ಎಂಎಯನ್ನು ದೂರಶಿಕ್ಷಣ ಕೊಡುವ ಇಗ್ನೋದಲ್ಲೋ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೋ ಮಾಡಿದರೆ ಆ ಬಾಗಿಲು ತೆರೆದೇ ಇರುತ್ತದೆ. ಎಂಎ ಮೊದಲು ಮಾಡಿದರೆ ಆಮೇಲೆ ಬಿಎಡ್‌ಗೆ ಮತ್ತೆ ಎರಡು ವರ್ಷ ಪೂರ್ತಿ ಕೂರಬೇಕು. ಅಪ್ಪ ಕೊಟ್ಟಿರುವುದು ಎರಡೇ ವರ್ಷ ಅಲ್ವಾ, ಅದಕ್ಕೇ ಯಾವುದು ಮೊದಲು ಅನ್ನುವುದು ನಿಮ್ಮ ವಿಷಯದಲ್ಲಿ ದೊಡ್ಡ ಮಾತು. ದೂರಶಿಕ್ಷಣಕ್ಕೆ ಸೇರುವಾಗ ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿ ವೆಬ್‌ಸೈಟಿನಲ್ಲೇ ನೋಡಿ. ನಮ್ಮ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ನಡುವೆ ಕೆಲವು ವರ್ಷ ಹೋಗಿ, 2018ರಲ್ಲಿ ಮತ್ತೆ ಬಂತು. ಆ ನಡುವೆ ಸೇರಿದವರು ಎಷ್ಟು ಪರದಾಡಿದರು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಆದರೆ ಒಂದು ಷರತ್ತು. ಆರು ಮಕ್ಕಳಿಗೆ ಜಗಲಿಯಲ್ಲಿ ಪಾಠ ಹೇಳುವುದಕ್ಕೂ ನಲವತ್ತು ಮಕ್ಕಳ ಎಂಟನೇ ಕ್ಲಾಸಿಗೂ ಬಹಳ ವ್ಯತ್ಯಾಸ ಇದೆ. ಪರೀಕ್ಷೆ ಮುಗಿದು ಶಾಲೆ ಶುರುವಾದ ಮೇಲೆ ನೀವು ಓದಿದ ಶಾಲೆಗೇ ಹೋಗಿ, ಹೆಡ್‌ಮಾಸ್ಟರನ್ನು ಕೇಳಿ, ಎರಡು ವಾರ ಸುಮ್ನೆ ಪಾಠ ಮಾಡಿಕೊಡುತ್ತೇನೆ ಅನ್ನಿ. ಟೀಚರ್ ಕಡಿಮೆ ಇರುವ ಕಡೆ ಬೇಡ ಅನ್ನುವುದಿಲ್ಲ. ಎರಡನೇ ವಾರದ ಗುರುವಾರ ಮಧ್ಯಾಹ್ನ ಊಟದ ನಂತರದ ಪಿರಿಯಡ್ಡಿನಲ್ಲೂ ನಿಮಗೆ ಪಾಠ ಇಷ್ಟವಾದರೆ ಬಿಎಡ್ ಸೇರಿ. ಇಲ್ಲದಿದ್ದರೆ ಎರಡು ವರ್ಷ ಮತ್ತು ಅಪ್ಪನ ದುಡ್ಡು ಉಳಿಯಿತು.

ಕಾಂಪಿಟಿಟಿವ್ ಪರೀಕ್ಷೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ, ಇಂಗ್ಲಿಷ್ ಓದಿದ್ದೀಯಲ್ಲ ಬ್ಯಾಂಕ್ ಬರೆ ಅಂತ. ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ನೂರು ಮಾರ್ಕಿಗೆ ಇಂಗ್ಲಿಷ್ 30. ಉಳಿದ 70 ಲೆಕ್ಕ ಮತ್ತು ರೀಸನಿಂಗ್. ನಮ್ಮ ಹುಡುಗಿಯರು ಸೋಲುವುದು ಆ 70ರಲ್ಲಿ. ಎಸ್ಸೆಸ್ಸೆಲ್ಸಿ ನಂತರ ಲೆಕ್ಕ ಮುಟ್ಟದವರಿಗೆ ಒಂದು ವರ್ಷದ ಗಟ್ಟಿ ಅಭ್ಯಾಸ ಬೇಕು. ಕ್ಲರ್ಕ್ ಹುದ್ದೆಗೆ ಆಯಾ ರಾಜ್ಯದ ಭಾಷೆ ಬರಬೇಕು ಅನ್ನುವ ನಿಯಮ ಇದೆ, ಅದು ನಿಮ್ಮ ಪರ. ಕೆಪಿಎಸ್ಸಿ ಥರದ ರಾಜ್ಯದ ಪರೀಕ್ಷೆಗಳಲ್ಲಿ ಓದುವುದಕ್ಕಿಂತ ಕಾಯುವುದೇ ಕಷ್ಟ. 2021ರ ಅಕ್ಟೋಬರಿನಲ್ಲಿ ನಡೆದ ಪಿಎಸ್‌ಐ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಬರೆಯಿರಿ, ಆದರೆ ಬೇರೊಂದು ಕೆಲಸವೋ ಓದೋ ಕೈಯಲ್ಲಿಟ್ಟುಕೊಂಡು ಬರೆಯಿರಿ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿ ಐದು ವರ್ಷ ಕೂತವರು ನನಗೆ ಬಹಳ ಜನ ಗೊತ್ತು.

ಈಗ ಚಿಕ್ಕಪ್ಪನ ಮಗನ ಮಾತು. ಅವನು ಪೂರ್ತಿ ತಪ್ಪು ಹೇಳಿಲ್ಲ. ಪದಕ್ಕೆ ಇಷ್ಟು ಪೈಸೆ ಅಂತ ವೆಬ್‌ಸೈಟುಗಳಿಗೆ "ಕೂದಲು ಉದುರದಿರಲು ಹತ್ತು ಉಪಾಯ" ಥರದ್ದು ಬರೆಯುವ ಕೆಲಸ ಇತ್ತಲ್ಲ, ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ಅದರಲ್ಲೇ ಇದ್ದರು, ಅದನ್ನು ಈಗ ಯಂತ್ರ ಬರೆಯುತ್ತದೆ. ಆ ಕೆಲಸ ನಂಬಿ ಹೋಗಬೇಡಿ. ಕಂಪನಿಗಳ ಕಸ್ಟಮರ್ ಸಪೋರ್ಟ್‌ನಲ್ಲೂ ಸುಲಭದ ಪ್ರಶ್ನೆಗಳಿಗೆ ಯಂತ್ರವೇ ಉತ್ತರ ಕೊಡುತ್ತಿದೆ. ಮನುಷ್ಯರಿಗೆ ಉಳಿಯುವುದು ಸಿಟ್ಟಿಗೆದ್ದ ಗ್ರಾಹಕ, ಗೋಜಲಾದ ಸಮಸ್ಯೆ. ಆ ಕೆಲಸಕ್ಕೆ ಹೋಗುವುದಾದರೆ ಮಾತಾಡುವುದಕ್ಕೆ ಬೇರೆ, ಚಾಟ್ ಮತ್ತು ಇಮೇಲಿಗೆ ಬೇರೆ ತಂಡ ಇರುತ್ತದೆ, ನಿಮಗೆ ಎರಡನೆಯದು ಸುಲಭ. ರಾತ್ರಿ ಪಾಳಿ ಇದೆಯಾ, ಕ್ಯಾಬ್ ಮನೆ ಬಾಗಿಲಿಗೆ ಬಿಡುತ್ತದಾ ಅಂತ ಮೊದಲೇ ಕೇಳಿ. ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳುವ ಕನ್ಸಲ್ಟೆನ್ಸಿಗೆ ಒಂದು ರೂಪಾಯಿಯೂ ಕೊಡಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಟ್ಟು ಬರಬೇಡಿ. ಎರಡು ವರ್ಷದ ನಂತರ ಅಲ್ಲಿಂದ ಟ್ರೈನಿಂಗ್ ಅಥವಾ ಕ್ವಾಲಿಟಿ ಕಡೆಗೆ ಏರಲಿಲ್ಲವಾದರೆ ಅಲ್ಲೇ ಉಳಿಯುತ್ತೀರಿ, ನಿದ್ದೆ ಮಾತ್ರ ಹಾಳಾಗಿರುತ್ತದೆ.

ಅನುವಾದದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಅನುವಾದಕರಾಗುವ ಆಸೆ. ಒಳ್ಳೆಯದೇ. ಆ ಬಹುಮಾನದ 50,000 ಪೌಂಡನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು ಮಾಡಿ ಕೊಟ್ಟರು. ಅನುವಾದ ಅಂದರೆ ಎರಡನೇ ದರ್ಜೆ ಕೆಲಸ ಅಂದುಕೊಂಡವರಿಗೆ ಅಷ್ಟು ಸಾಕು. ಆದರೆ ಸಾಹಿತ್ಯದ ಅನುವಾದದಿಂದ ಮನೆ ಬಾಡಿಗೆ ಕಟ್ಟುವವರು ಕನ್ನಡದಲ್ಲಿ ನನಗೆ ಯಾರೂ ಗೊತ್ತಿಲ್ಲ. ಬೇರೆ ಕೆಲಸ ಇಟ್ಟುಕೊಂಡು ಬೆಳಗಿನ ಒಂದು ಗಂಟೆ ಅದಕ್ಕೆ ಕೊಡುವವರೇ ಎಲ್ಲರೂ.

ಹೊಟ್ಟೆ ತುಂಬಿಸುವ ಅನುವಾದ ಬೇರೆ ಕಡೆ ಇದೆ. ರಾಜ್ಯ ಸರ್ಕಾರಕ್ಕೆ ಭಾಷಾಂತರಕ್ಕಂತಲೇ ಒಂದು ನಿರ್ದೇಶನಾಲಯ ಇದೆ, ಕೋರ್ಟುಗಳಲ್ಲಿ ಅನುವಾದಕರ ಹುದ್ದೆ ಇವೆ, ಕರೆದಾಗ ಕರೆಯುತ್ತಾರೆ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ. ಇವುಗಳ ವೆಬ್‌ಸೈಟ್ ಆಗಾಗ ನೋಡುತ್ತಿರಿ. ಖಾಸಗಿಯಲ್ಲಿ ಆ್ಯಪ್, ಬ್ಯಾಂಕ್, ವಿಮೆ, ಆಸ್ಪತ್ರೆಯ ಕಾಗದ ಕನ್ನಡಕ್ಕೆ ಮಾಡುವ ಏಜೆನ್ಸಿಗಳಿವೆ. ಅಲ್ಲಿ ಈಗ ಯಂತ್ರ ಮೊದಲ ಕರಡು ಮಾಡುತ್ತದೆ, ಮನುಷ್ಯರು ತಿದ್ದುತ್ತಾರೆ, ಅದಕ್ಕೆ ಪದಕ್ಕೆ ಕೊಡುವ ದುಡ್ಡೂ ಇಳಿದಿದೆ. ಆದರೆ ತಿದ್ದುವವರು ಬೇಕೇ ಬೇಕು. ನೀವೇ ನೋಡಿರುತ್ತೀರಿ, ಎಷ್ಟೋ ಕಡೆ ಅರ್ಜಿ ಹಾಕಿ ಅನ್ನಬೇಕಾದ ಜಾಗದಲ್ಲಿ "ಈಗ ಅನ್ವಯಿಸಿ" ಅಂತ ಇರುತ್ತದೆ. ಇಂಗ್ಲಿಷ್‌ನ "ಅಪ್ಲೈ" ಅನ್ನುವ ಒಂದೇ ಪದಕ್ಕೆ ಎರಡು ಅರ್ಥ, ತಪ್ಪಾದದ್ದನ್ನು ಹಾಕಿ ಕೂತಿದ್ದಾರೆ. ಅದು ತಪ್ಪು ಅಂತ ನಿಮಗೆ ಓದಿದ ಕೂಡಲೇ ಕಿವಿಗೆ ಗೊತ್ತಾಗುತ್ತದೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಹುಡುಗರಲ್ಲಿ ಎಷ್ಟೋ ಜನರಿಗೆ ಗೊತ್ತಾಗುವುದಿಲ್ಲ. ಆ ಕಿವಿಗೆ ಬೆಲೆ ಇದೆ, ಅದನ್ನು ತೋರಿಸುವ ಮಾದರಿ ಮಾತ್ರ ಕೈಯಲ್ಲಿರಬೇಕು. ಎರಡು ಪುಟದ ಒಂದು ವಿಮೆ ಕಾಗದ ತೆಗೆದುಕೊಂಡು ನಿಮ್ಮ ಅಮ್ಮನಿಗೆ ಅರ್ಥವಾಗುವ ಕನ್ನಡಕ್ಕೆ ಇಳಿಸಿ. ಮ್ಯಾಗಜಿನ್ನಿನ ಕಥೆ ಇದ್ದೇ ಇದೆ. ಬೋರ್ಡೋ ಹಾಳೆ ಮೂರನೆಯದು. ಇಷ್ಟು ಒಂದು ಫೈಲಿನಲ್ಲಿ ಇದ್ದರೆ ನಿಮ್ಮ ಕ್ಲಾಸಿನಲ್ಲಿ ಯಾರ ಹತ್ತಿರವೂ ಇಲ್ಲದ ವಸ್ತು ನಿಮ್ಮ ಹತ್ತಿರ ಇರುತ್ತದೆ.

ಲಾ ಕೂಡ ಒಂದು ದಾರಿ, ಮೂರು ವರ್ಷದ ಎಲ್‌ಎಲ್‌ಬಿಗೆ ಯಾವುದೇ ಪದವಿ ನಡೆಯುತ್ತದೆ. ಆದರೆ ನಿಮ್ಮ ಪತ್ರದಲ್ಲಿ ಆ ಕಡೆ ಒಲವು ಕಾಣಲಿಲ್ಲ, ಹಾಗಾಗಿ ಬಿಡುತ್ತೇನೆ.

ದುಡ್ಡಿನ ಮಾತು. ಡಿಗ್ರಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಮುಂದಿನ ಓದಿಗೆ ಸೇರಿದರೆ ಅದು ಬರುವುದಿಲ್ಲ. ಬಿಎಡ್ ಸೇರಿ ಯುವನಿಧಿಯನ್ನೂ ತೆಗೆದುಕೊಳ್ಳಬಹುದು ಅಂತ ಯಾರೋ ಹೇಳಿದರೆ ನಂಬಬೇಡಿ, ವಾಪಸು ಕಟ್ಟಬೇಕಾಗುತ್ತದೆ.

ಮದುವೆ ವಿಷಯದಲ್ಲಿ ನಾನು ತಲೆ ಹಾಕುವುದು ಸರಿಯಲ್ಲ, ಆದರೆ ಒಂದು ಅನುಭವ ಹೇಳುತ್ತೇನೆ. "ಇನ್ನೂ ಓದಬೇಕು ಅಪ್ಪ" ಅಂತ ಸುಮ್ಮನೆ ಹೇಳಿದವರ ಮಾತು ನಡೆದಿದ್ದು ಕಡಿಮೆ. ಇಂಥ ತಿಂಗಳು ಬಿಎಡ್ ಮುಗಿಯುತ್ತದೆ, ಇಷ್ಟು ಫೀಸು, ಇಂಥ ತಿಂಗಳಿಂದ ನನ್ನ ಖರ್ಚು ನಾನೇ ನೋಡಿಕೊಳ್ಳುತ್ತೇನೆ, ತಮ್ಮನ ಫೀಸಿಗೂ ಇಷ್ಟು ಕೊಡುತ್ತೇನೆ ಅಂತ ಹಾಳೆಯ ಮೇಲೆ ಬರೆದು ತೋರಿಸಿದ ಹೆಣ್ಣುಮಕ್ಕಳ ಅಪ್ಪಂದಿರು ಗೊಣಗುತ್ತಲೇ ಒಪ್ಪಿದ್ದನ್ನು ನೋಡಿದ್ದೇನೆ. ತೋಟದ ಲೆಕ್ಕ ಇಡುವವರಿಗೆ ಲೆಕ್ಕದ ಭಾಷೆ ಬೇಗ ತಲುಪುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಅಂತ ನೇರ ಕೇಳಿದರೆ, ಆ ಎರಡು ವಾರದ ಶಾಲೆಯ ಪರೀಕ್ಷೆಯಲ್ಲಿ ಮನಸ್ಸು ಹೌದು ಅಂದರೆ ಬಿಎಡ್, ಇಂಗ್ಲಿಷ್ ಮೆಥಡ್, ಶಿವಮೊಗ್ಗದಲ್ಲೋ ಸಾಗರದಲ್ಲೋ ಪಾಠ ನಿಜವಾಗಿ ನಡೆಯುವ ಕಾಲೇಜು. ಹಾಜರಿ ಮಾತ್ರ ಹಾಕಿ ಕಳಿಸುವ ಕಾಲೇಜುಗಳೂ ಇವೆ, ಸೀನಿಯರ್‌ಗಳನ್ನು ಕೇಳಿದರೆ ಗೊತ್ತಾಗುತ್ತದೆ. ಮಧ್ಯೆ ಟಿಇಟಿ. ಅನುವಾದ ಜೊತೆಗೆ ನಡೆಯಲಿ, ತಿಂಗಳಿಗೆ ಒಂದಾದರೂ. ಕೆಲಸ ಸಿಕ್ಕ ಮೇಲೆ ದೂರಶಿಕ್ಷಣದಲ್ಲಿ ಎಂಎ. ಮನಸ್ಸು ಇಲ್ಲ ಅಂದರೆ ಒಂದು ವರ್ಷ ಕೆಲಸಕ್ಕೆ ಹೋಗಿ, ಮಾದರಿಗಳ ಫೈಲು ಹಿಡಿದು, ಅನುವಾದ ಏಜೆನ್ಸಿಗಳಿಗೆ ಮೊದಲು ಬರೆದು, ಆಮೇಲೆ ಉಳಿದವರಿಗೆ. ಆ ದಾರಿಯಲ್ಲಿ ಮೊದಲ ಆರು ತಿಂಗಳು ಯಾರೂ ಉತ್ತರ ಕೊಡದೆ ಇರಬಹುದು, ಅದಕ್ಕೆ ಮನೆಯವರನ್ನೂ ನಿಮ್ಮನ್ನೂ ಸಿದ್ಧ ಮಾಡಿಕೊಳ್ಳಿ.

ಮೊದಲ ಮಳೆಗೆ ಮುಂಚೆ ತೋಟಕ್ಕೆ ಔಷಧಿ ಹೊಡೆಸುತ್ತೀರಲ್ಲ, ಅಷ್ಟರಲ್ಲಿ ಬೋರ್ಡೋ ಹಾಳೆ ಬರೆದು ಮುಗಿಸಿ. ಅದನ್ನು ನಿಮ್ಮ ತಮ್ಮನ ಕೈಗೆ ಕೊಟ್ಟು, ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬರೆದದ್ದನ್ನು ಮಾತ್ರ ನೋಡಿ ಮಾಡು ಅನ್ನಿ. ನೀವು ಬಾಯಿ ಬಿಡಬೇಡಿ. ಅವನು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾನೋ ಆ ಸಾಲು ಮತ್ತೆ ಬರೆಯಿರಿ. ಆಮೇಲೆ ನನಗೊಂದು ಪ್ರತಿ ಕಳಿಸಿ, ತಿದ್ದಿ ಕೊಡುತ್ತೇನೆ.